ಪಟ್ಟಿಯಲ್ಲಿ ಹೆಸರು ಹುಡುಕುವುದರಿಂದ ಬೆರಳಿಗೆ ಶಾಯಿ ಬೀಳುವವರೆಗೆ: ಮಲೆನಾಡಿನ ಮತದಾರರಿಗೆ ಒಂದು ಪೂರ್ತಿ ಮಾರ್ಗದರ್ಶಿ

2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ನಮ್ಮ ದೊಡ್ಡಮ್ಮ ಬೆಳಗ್ಗೆ ಆರೂವರೆಗೇ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ವೋಟರ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಯ ಕಡೆ ಹೊರಟರು. ಮೂಡಿಗೆರೆ ಕಡೆಯ ನಮ್ಮೂರಿನಿಂದ ಬೂತಿಗೆ ಒಂದೂವರೆ ಕಿಲೋಮೀಟರ್, ಪೂರ್ತಿ ತೋಟದ ದಾರಿ. ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಒಳಗೆ ಹೋದರೆ ಪಟ್ಟಿಯಲ್ಲಿ ಹೆಸರಿಲ್ಲ. ‘ಕಾರ್ಡಿದೆಯಲ್ಲಪ್ಪ, ನೋಡು, ನಂದೇ ಫೋಟೋ’ ಅಂತ ಮೂರು ಸಲ ತೋರಿಸಿದರು. ಒಳಗಿದ್ದವರು ಪಾಪ, ಹಿಂದೆ ಮುಂದೆ ಎಲ್ಲಾ ಹಾಳೆ ತಿರುವಿ ನೋಡಿದರು. ಇರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಅವರ ಹಳೇ ಮನೆಯ ಗೋಡೆ ಕುಸಿದು ಮಗನ ಮನೆಗೆ ಬಂದಿದ್ದರು. ಹಳೇ ಮನೆಗೆ ಬೀಗ ಬಿದ್ದಿತ್ತು. ಅಲ್ಲಿ ಯಾರೂ ಇಲ್ಲ ಅಂತ ಹೆಸರು ತೆಗೆದು ಹಾಕಿದ್ದರು, ನಮಗೆ ಯಾರಿಗೂ ಗೊತ್ತೇ ಆಗಲಿಲ್ಲ.

ಅವತ್ತಿನಿಂದ ನಮ್ಮೂರಲ್ಲಿ ಯಾರ ವೋಟರ್ ಫಾರಂ ಇದ್ದರೂ ನಾನು ಕೂತು ತುಂಬಿ ಕೊಡುತ್ತಿದ್ದೇನೆ. ಕಲಿತದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ವೋಟು ಕೊಡಿಸುವುದು ಕಾರ್ಡಲ್ಲ, ಪಟ್ಟಿ. ಕಾರ್ಡು ನೀವು ಯಾರು ಅಂತ ತೋರಿಸುತ್ತದೆ, ಅಷ್ಟೇ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡು ಕಳೆದುಹೋಗಿದ್ದರೂ ವೋಟು ಹಾಕಬಹುದು. ಕಾರ್ಡಿದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಆಗುವುದಿಲ್ಲ.

ಮೊದಲು ನಿಮ್ಮ ಕ್ಷೇತ್ರ ಯಾವುದು ತಿಳಿದುಕೊಳ್ಳಿ

ಇದೇನು ಹೇಳಬೇಕಾ ಅನ್ನಬೇಡಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಐದು ವಿಧಾನಸಭಾ ಕ್ಷೇತ್ರ ಇವೆ: ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಇವುಗಳಲ್ಲಿ ಮೊದಲ ನಾಲ್ಕು ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಸೇರುತ್ತವೆ. ಕಡೂರು ಮಾತ್ರ ಹಾಸನಕ್ಕೆ. ಅಂದರೆ ಕಡೂರಿನವರ ಜಿಲ್ಲಾಧಿಕಾರಿ ಚಿಕ್ಕಮಗಳೂರಿನಲ್ಲಿ, ಎಂಪಿ ಹಾಸನದವರು. ಹಾಸನ ಲೋಕಸಭೆಗೆ ಕಡೂರಿನ ಜೊತೆ ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ ಸೇರುತ್ತವೆ.

ಒಂದು ವೋಟಿನಿಂದ ಏನಾಗುತ್ತೆ ಅಂತ ಕೇಳುವವರು ಪ್ರತಿ ಸಲ ಸಿಗುತ್ತಾರೆ. 2023ರಲ್ಲಿ ಶೃಂಗೇರಿಯ ಫಲಿತಾಂಶ ಘೋಷಿಸಿದಾಗ ಗೆಲುವಿನ ಅಂತರ ಬರೀ 201 ವೋಟು. ನಮ್ಮ ಕಡೆ ಎರಡು ದೊಡ್ಡ ಎಸ್ಟೇಟಿನ ಲೈನು ಮನೆಗಳಲ್ಲಿ (ತೋಟದ ಕೆಲಸದವರಿಗೆ ಸಾಲಾಗಿ ಕಟ್ಟಿಸಿದ ಮನೆಗಳು) ಅಷ್ಟು ಜನ ಇರುತ್ತಾರೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಂತೂ ಒಂದೇ ಒಂದು ವೋಟಿನಲ್ಲಿ ಸೋಲು ಗೆಲುವು ತೀರ್ಮಾನ ಆಯಿತು.

ಪಟ್ಟಿಯಲ್ಲಿ ಹೆಸರು ಹುಡುಕುವುದು

ಇದನ್ನು ಚುನಾವಣೆ ಘೋಷಣೆ ಆದ ಮೇಲೆ ಮಾಡಬೇಡಿ. ಈಗಲೇ ಮಾಡಿ. ಚುನಾವಣಾ ಆಯೋಗದ ಆ್ಯಪ್ ಇದೆ, ವೆಬ್‌ಸೈಟ್ ಇದೆ. ನೆಟ್‌ವರ್ಕ್ ಸಿಗದ ಊರಾದರೆ 1950ಕ್ಕೆ ಫೋನ್ ಮಾಡಿ ಕೇಳಬಹುದು.

ಹುಡುಕುವಾಗ ಎಪಿಕ್ ನಂಬರ್ ಹಾಕಿ ನೋಡುವುದು ಒಳ್ಳೆಯದು. ಕಾರ್ಡಿನ ಮೇಲೆ ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ ಇರುತ್ತಲ್ಲ, ಅದೇ. ಹೆಸರು ಹಾಕಿ ಹುಡುಕಿದರೆ ಸುಮ್ನೆ ತಲೆಬಿಸಿ. ಮನೆಯಲ್ಲಿ ಲಕ್ಷ್ಮಮ್ಮ, ಆಧಾರಿನಲ್ಲಿ ಲಕ್ಷ್ಮಿ, ಪಟ್ಟಿಯಲ್ಲಿ ಲಕ್ಷ್ಮೀದೇವಿ. ಗಂಡನ ಹೆಸರಿನ ಮುಂದೆ ಒಂದು ಕಡೆ ಇನಿಷಿಯಲ್ ಇದೆ, ಇನ್ನೊಂದು ಕಡೆ ಇಲ್ಲ. ಹೀಗಿದ್ದಾಗ ಹೆಸರು ಇದ್ದರೂ ‘ಸಿಗಲಿಲ್ಲ’ ಅಂತ ತೋರಿಸುತ್ತದೆ, ಜನ ಗಾಬರಿಯಾಗಿ ಹೊಸ ಅರ್ಜಿ ಹಾಕುತ್ತಾರೆ, ಆಮೇಲೆ ಒಬ್ಬರ ಹೆಸರು ಎರಡು ಕಡೆ ಸೇರಿಕೊಳ್ಳುತ್ತದೆ. ಹೆಸರು ಸಿಕ್ಕಿದರೆ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಎರಡನ್ನೂ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಬೂತಿನಲ್ಲಿ ಬೇಗ ಕೆಲಸ ಆಗುತ್ತದೆ.

ಇನ್ನೂ ಒಂದು ದಾರಿ ಇದೆ, ನನಗೆ ಅದೇ ಇಷ್ಟ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ನಿಮ್ಮ ಬೂತಿನ ಇಡೀ ಪಟ್ಟಿ ಸಿಗುತ್ತದೆ. ಅದನ್ನು ಇಳಿಸಿಕೊಂಡು ಮನೆಯವರೆಲ್ಲ ಕೂತು ಓದಿ. ಬರೀ ನಿಮ್ಮ ಹೆಸರಲ್ಲ, ಮನೆ ನಂಬರಿನ ಕೆಳಗೆ ಯಾರ್ಯಾರಿದ್ದಾರೆ ಎಲ್ಲಾ ನೋಡಿ. ನಾವು ಹಾಗೆ ನೋಡಿದಾಗ ತೀರಿಕೊಂಡು ವರ್ಷಗಳಾಗಿದ್ದ ಅಜ್ಜ ಪಟ್ಟಿಯಲ್ಲಿದ್ದರು, ಮದುವೆಯಾಗಿ ಅರಸೀಕೆರೆಗೆ ಹೋದ ಅಕ್ಕ ಇದ್ದರು, ಬದುಕಿ ನಮ್ಮ ಎದುರಿಗೇ ಕೂತಿದ್ದ ದೊಡ್ಡಮ್ಮ ಇರಲಿಲ್ಲ.

ಯಾವ ಫಾರಂ?

ಇಲ್ಲೇ ಜನ ಜಾಸ್ತಿ ಎಡವುವುದು. ಒಂದೇ ಪ್ರಶ್ನೆ ಕೇಳಿಕೊಳ್ಳಿ: ದೇಶದಲ್ಲಿ ಎಲ್ಲಾದರೂ ನಿಮ್ಮ ಹೆಸರು ಮತದಾರರ ಪಟ್ಟಿಯಲ್ಲಿ ಈಗ ಇದೆಯಾ?

ಇಲ್ಲ ಅಂದರೆ ಫಾರಂ 6. ಹೊಸದಾಗಿ ಹದಿನೆಂಟು ತುಂಬಿದವರಿಗೂ ಇದೇ, ದೊಡ್ಡಮ್ಮನ ಹಾಗೆ ಹೆಸರು ತೆಗೆದುಹಾಕಿದವರಿಗೂ ಇದೇ.

ಇದೆ ಅಂದರೆ ಫಾರಂ 8. ಮನೆ ಬದಲಾಗಿದೆ, ಊರು ಬದಲಾಗಿದೆ, ಹೆಸರಿನ ಕಾಗುಣಿತ ತಪ್ಪಿದೆ, ಫೋಟೋ ಯಾರದೋ ಬಂದಿದೆ, ಕಾರ್ಡು ಕಳೆದಿದೆ, ಅಂಗವೈಕಲ್ಯ ದಾಖಲಿಸಬೇಕು, ಎಲ್ಲಕ್ಕೂ ಇದೊಂದೇ. ಮೊದಲು ಬೇರೆ ಕ್ಷೇತ್ರಕ್ಕೆ ಹೋದರೆ ಫಾರಂ 6 ತುಂಬಬೇಕಿತ್ತು. 2022ರಿಂದ ಅದೂ ಫಾರಂ 8ಕ್ಕೇ ಬಂದಿದೆ. ಹಳೇ ಲೆಕ್ಕದಲ್ಲಿ ಸಲಹೆ ಕೊಡುವವರು ಇನ್ನೂ ಇದ್ದಾರೆ, ಜೋಪಾನ.

ಫಾರಂ 7 ಹೆಸರು ತೆಗೆಸುವುದಕ್ಕೆ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಇದನ್ನು ಕೊಡಿ. ಸತ್ತವರ ಹೆಸರಲ್ಲಿ ಬೇರೆ ಯಾರೋ ವೋಟು ಹಾಕುವ ದಾರಿ ಮುಚ್ಚುತ್ತದೆ. ವಿದೇಶದಲ್ಲಿರುವ ಭಾರತೀಯರಿಗೆ 6ಎ ಇದೆ.

ಯಾವ ಫಾರಂಗೂ ದುಡ್ಡಿಲ್ಲ. ಆನ್‌ಲೈನ್ ಸೆಂಟರಿನಲ್ಲಿ ತುಂಬಿಸಿದರೆ ಅವರ ಕೂಲಿ ಕೊಡುತ್ತೀರಿ, ಸರಿ. ಅರ್ಜಿಗೆ ಶುಲ್ಕ ಅಂತ ಯಾರಾದರೂ ಕೇಳಿದರೆ ಕೊಡಬೇಡಿ.

ಹದಿನೆಂಟರ ಲೆಕ್ಕ

ನಮ್ಮಲ್ಲಿ ವೋಟಿನ ವಯಸ್ಸು ಮೊದಲು 21 ಇತ್ತು. ಸಂವಿಧಾನದ 61ನೇ ತಿದ್ದುಪಡಿ ಆಗಿ 1989ರಿಂದ 18 ಆಯಿತು. ಆಮೇಲೂ ತುಂಬಾ ವರ್ಷ ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು, ಜನವರಿ 2ಕ್ಕೆ ಹುಟ್ಟಿದ ಮಗು ಇಡೀ ವರ್ಷ ಕಾಯಬೇಕಿತ್ತು. ಈಗ ವರ್ಷಕ್ಕೆ ನಾಲ್ಕು ದಿನಾಂಕ ಇವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ತುಂಬಿದರೆ ಮುಂಗಡವಾಗಿಯೇ ಅರ್ಜಿ ಹಾಕಿಡಬಹುದು, ವಯಸ್ಸು ತುಂಬಿದ ಮೇಲೆ ಹೆಸರು ಸೇರುತ್ತದೆ. ಹಾಗಾಗಿ ಪಿಯುಸಿ ಓದುವ ಮಕ್ಕಳಿದ್ದರೆ ಅವರು ಬೆಂಗಳೂರಿಗೋ ಮಂಗಳೂರಿಗೋ ಹಾರಿಹೋಗುವ ಮೊದಲೇ ಕೂರಿಸಿ ತುಂಬಿಸಿ.

ಊರು ಒಂದು, ಬದುಕು ಇನ್ನೊಂದು ಕಡೆ

ಇದು ಚಿಕ್ಕಮಗಳೂರು, ಹಾಸನ ಎರಡೂ ಜಿಲ್ಲೆಗಳ ದೊಡ್ಡ ಪ್ರಶ್ನೆ. ಮಗ ಬೆಂಗಳೂರಿನಲ್ಲಿ ಕೆಲಸ, ವೋಟು ಕೊಪ್ಪದಲ್ಲಿ. ಕಾನೂನು ಏನು ಹೇಳುತ್ತದೆ ಅಂದರೆ, ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರೋ ಅಲ್ಲಿ ನಿಮ್ಮ ಹೆಸರು ಇರಬೇಕು. 1950ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಸ್ಪಷ್ಟವಾಗಿ ಬರೆದಿದೆ: ಒಂದು ಊರಲ್ಲಿ ಮನೆ ಇದೆ ಅನ್ನುವ ಒಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಆಗುವುದಿಲ್ಲ. ಅಂದರೆ ನಗರದಲ್ಲಿದ್ದುಕೊಂಡು ಇಲ್ಲಿ ತೋಟವನ್ನೋ ಹೋಂಸ್ಟೇಯನ್ನೋ ಕೊಂಡವರಿಗೆ ಆ ಆಸ್ತಿಯಿಂದಲೇ ಇಲ್ಲಿ ವೋಟು ಬರುವುದಿಲ್ಲ. ಹಾಗೇ, ಸ್ವಲ್ಪ ಕಾಲ ಊರು ಬಿಟ್ಟು ಹೋದ ಮಾತ್ರಕ್ಕೆ ಊರಿನ ವೋಟು ಹೋಗುವುದೂ ಇಲ್ಲ. ಹಾಸ್ಟೆಲಿನಲ್ಲಿ ಓದುವ ಮಕ್ಕಳು ಹಾಸ್ಟೆಲಿನ ವಿಳಾಸ ಕೊಡಬಹುದು, ಅಪ್ಪ ಅಮ್ಮನ ಮನೆಯ ವಿಳಾಸವೂ ಕೊಡಬಹುದು.

ಎರಡೂ ಕಡೆ ಇಟ್ಟುಕೊಳ್ಳುವುದು ಮಾತ್ರ ತಪ್ಪು. ‘ಇರಲಿ ಬಿಡು, ಎಲ್ಲಿ ಅನುಕೂಲವೋ ಅಲ್ಲಿ ಹಾಕಿದರಾಯಿತು’ ಅನ್ನುವವರು ನಮ್ಮ ನೆಂಟರಲ್ಲೇ ಇದ್ದಾರೆ. ಅರ್ಜಿಯಲ್ಲಿ ‘ಬೇರೆಲ್ಲೂ ಹೆಸರಿಲ್ಲ’ ಅಂತ ಸುಳ್ಳು ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು. ಬೆಂಗಳೂರಿನಲ್ಲಿ ನೆಲೆ ನಿಂತಿದ್ದರೆ ಫಾರಂ 8 ಹಾಕಿ ಅಲ್ಲಿಗೇ ಬದಲಾಯಿಸಿ, ಅಲ್ಲಿಯ ರಸ್ತೆ, ನೀರಿನ ಬಗ್ಗೆ ಕೇಳುವ ಹಕ್ಕು ನಿಮ್ಮದಾಗುತ್ತದೆ.

ಲೈನು ಮನೆಯಲ್ಲಿ ಇರುವವರ ಕಷ್ಟ ಬೇರೆ. ಬಾಡಿಗೆ ಕರಾರಿಲ್ಲ, ಕರೆಂಟ್ ಬಿಲ್ ಎಸ್ಟೇಟಿನ ಹೆಸರಲ್ಲಿ. ‘ನಮಗೆ ಏನೂ ದಾಖಲೆ ಇಲ್ಲ ಅಣ್ಣ, ನಮ್ಮದು ಆಗಲ್ಲ’ ಅಂತ ಮೊದಲೇ ಕೈಚೆಲ್ಲಿ ಕೂತಿರುತ್ತಾರೆ. ಆಗುತ್ತದೆ. ವಿಳಾಸಕ್ಕೆ ಆಧಾರ್, ಫೋಟೋ ಇರುವ ಬ್ಯಾಂಕ್ ಅಥವಾ ಪೋಸ್ಟ್ ಆಫೀಸ್ ಪಾಸ್‌ಬುಕ್ ಯಾವುದಾದರೂ ಸಾಕು. ಏನೂ ಇಲ್ಲ ಅಂದರೆ ಬೂತ್ ಮಟ್ಟದ ಅಧಿಕಾರಿ (ಬಿಎಲ್‌ಓ) ಸ್ಥಳಕ್ಕೆ ಬಂದು ನೋಡಿ, ಇವರು ಇಲ್ಲೇ ಇರುವವರು ಅಂತ ವರದಿ ಕೊಡಬೇಕು. ಮನೆಯೇ ಇಲ್ಲದವರಿಗೂ ವೋಟಿನ ಹಕ್ಕಿದೆ, ಅವರು ಮಲಗುವ ಜಾಗಕ್ಕೆ ರಾತ್ರಿ ಹೋಗಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ ಇದೆ. ಪೌರತ್ವ, ವಯಸ್ಸು, ವಾಸ ಈ ಮೂರು ಸರಿ ಇದ್ದರೆ ಆಸ್ತಿ ಓದು ಯಾವುದನ್ನೂ ಕಾನೂನು ಕೇಳುವುದಿಲ್ಲ.

ಅರ್ಜಿ ಹಾಕಿದ ಮೇಲೆ

ಫಾರಂ 6ಕ್ಕೆ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ, ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ ಬೇಕು. ವಯಸ್ಸಿಗೆ ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್ ನಡೆಯುತ್ತವೆ. ಈಗಾಗಲೇ ಪಟ್ಟಿಯಲ್ಲಿರುವ ಮನೆಯವರೊಬ್ಬರ ಎಪಿಕ್ ನಂಬರ್ ಬರೆದರೆ ಒಂದೇ ಮನೆಯವರೆಲ್ಲ ಒಂದೇ ಬೂತಿಗೆ ಬರುವುದು ಸುಲಭ. ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಸೆಂಟರಿನವರದಲ್ಲ.

ಕಾಗದದಲ್ಲೇ ಕೊಡುವುದಾದರೆ ನಿಮ್ಮ ಬಿಎಲ್‌ಓ ಕೈಗೆ ಕೊಡಿ. ಹಳ್ಳಿಯಲ್ಲಿ ಹೆಚ್ಚಾಗಿ ಶಾಲೆಯ ಮೇಷ್ಟ್ರೋ ಅಂಗನವಾಡಿ ಟೀಚರೋ ಆಗಿರುತ್ತಾರೆ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲೂ ಕೊಡಬಹುದು. ಸ್ವೀಕೃತಿ ಚೀಟಿ ಇಸ್ಕೊಳ್ಳದೆ ಬರಬೇಡಿ. ಅದರಲ್ಲಿರುವ ನಂಬರ್ ಹಾಕಿದರೆ ಅರ್ಜಿ ಎಲ್ಲಿದೆ ಅಂತ ಗೊತ್ತಾಗುತ್ತದೆ. ಆಕ್ಷೇಪಣೆಗೆ ಏಳು ದಿನ ಬಿಡುತ್ತಾರೆ, ಬಿಎಲ್‌ಓ ಮನೆಗೆ ಬಂದು ನೋಡುತ್ತಾರೆ, ಆಮೇಲೆ ನೋಂದಣಾಧಿಕಾರಿ ತೀರ್ಮಾನ ಮಾಡುತ್ತಾರೆ. ಬಿಎಲ್‌ಓ ಬರುವ ಹೊತ್ತಿಗೆ ಎಲ್ಲರೂ ಕಾಫಿ ಕೊಯ್ಲಿಗೆ ಹೋಗಿದ್ದರೆ ಬೀಗ ನೋಡಿ ವಾಪಸ್ ಹೋಗುತ್ತಾರೆ. ಮೊದಲೇ ಫೋನ್ ಮಾಡಿ, ಯಾವ ಹೊತ್ತಿಗೆ ಮನೆಯಲ್ಲಿ ಇರುತ್ತೀರಿ ಹೇಳಿ.

ಅರ್ಜಿ ತಿರಸ್ಕಾರ ಆದರೆ ಸುಮ್ಮನಾಗಬೇಡಿ. ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಆಗದಿದ್ದರೆ ಮೂವತ್ತು ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ.

ಗಡುವು ಒಂದನ್ನು ಗಟ್ಟಿಯಾಗಿ ನೆನಪಿಡಿ. ನಾಮಪತ್ರ ಸಲ್ಲಿಸುವ ಕೊನೇ ದಿನ ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಯಾವ ಬದಲಾವಣೆಯೂ ಆಗುವುದಿಲ್ಲ. ಪರಿಶೀಲನೆಗೂ ದಿನ ಬೇಕಲ್ಲ, ಹಾಗಾಗಿ ಅದಕ್ಕಿಂತ ಹತ್ತು ದಿನ ಮೊದಲಾದರೂ ಅರ್ಜಿ ಒಳಗೆ ಹೋಗಿರಬೇಕು. ದೊಡ್ಡಮ್ಮನ ಫಾರಂ 6 ಅನ್ನು ನಾವು 2023ರ ದಸರಾ ಹೊತ್ತಿಗೆ ಹಾಕಿದೆವು, ಮಗನ ಮನೆಯ ವಿಳಾಸಕ್ಕೆ. ಜನವರಿಯಲ್ಲಿ ಪಟ್ಟಿ ತೆಗೆದು ನೋಡಿದಾಗ ಹೆಸರಿತ್ತು. ಅವರು ಬೆರಳಿಟ್ಟು ಆ ಸಾಲನ್ನು ಎರಡು ಸಲ ಓದಿಸಿಕೊಂಡರು.

ಬೂತಿಗೆ ಹೋಗುವ ದಿನ

ವೋಟರ್ ಕಾರ್ಡು ಇಲ್ಲದಿದ್ದರೆ ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ನರೇಗಾ ಜಾಬ್ ಕಾರ್ಡ್, ಫೋಟೋ ಇರುವ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ದಾಖಲೆ, ಅಂಗವಿಕಲರ ಯುಡಿಐಡಿ ಕಾರ್ಡ್ ಇವುಗಳಲ್ಲಿ ಒಂದು ತೆಗೆದುಕೊಂಡು ಹೋಗಿ. 2024ರ ಲೋಕಸಭೆ ಚುನಾವಣೆಗೆ ಕೊಟ್ಟ ಪಟ್ಟಿಯಲ್ಲಿ ರೇಷನ್ ಕಾರ್ಡ್ ಇರಲಿಲ್ಲ. ಬಿಎಲ್‌ಓ ಮನೆಗೆ ಕೊಡುವ ಮತದಾರರ ಚೀಟಿಯೂ ಗುರುತಿನ ದಾಖಲೆ ಅಲ್ಲ, ಅದು ಭಾಗ ಸಂಖ್ಯೆ ಹುಡುಕಲು ಅಷ್ಟೇ.

ಅವತ್ತು ಸಂಬಳ ಸಹಿತ ರಜೆ. ಇದು ಮಾಲೀಕರ ದೊಡ್ಡತನ ಅಲ್ಲ, ಕಾನೂನು. ದಿನಗೂಲಿಯವರಿಗೂ ಆ ದಿನದ ಕೂಲಿ ಕೊಡಬೇಕು. ತೋಟಕ್ಕೆ ಹೋಗುವ ಹೆಂಗಸರಿಗೆ ಇದನ್ನು ಹೇಳಿದರೆ ಅರ್ಧ ಜನ ನಂಬುವುದೇ ಇಲ್ಲ, ದಯವಿಟ್ಟು ನೀವೂ ಹೇಳಿ. ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ ಕಾಡಾನೆ ಓಡಾಡುವ ದಾರಿಯಾದರೆ ಬೆಳ್ಳಂಬೆಳಗ್ಗೆ ಒಬ್ಬೊಬ್ಬರೇ ಹೊರಡಬೇಡಿ, ಬೆಳಕು ಹರಿದ ಮೇಲೆ ಗುಂಪಾಗಿ ಹೋಗಿ. ಅಭ್ಯರ್ಥಿಯ ಕಡೆಯವರು ಜೀಪಿನಲ್ಲಿ ಕರೆದುಕೊಂಡು ಹೋಗುತ್ತೇವೆ ಅಂದರೆ ಹತ್ತಬೇಡಿ, ಹಾಗೆ ಮತದಾರರನ್ನು ಸಾಗಿಸುವುದು ಚುನಾವಣಾ ಭ್ರಷ್ಟಾಚಾರ.

ಒಳಗೆ ಏನೇನಾಗುತ್ತದೆ ನೋಡಿ. ಮೊದಲನೇ ಅಧಿಕಾರಿ ಪಟ್ಟಿಯಲ್ಲಿ ಹೆಸರು ನೋಡಿ ಗಟ್ಟಿಯಾಗಿ ಓದುತ್ತಾರೆ. ಅದು ಅಲ್ಲಿ ಕೂತ ಅಭ್ಯರ್ಥಿಗಳ ಏಜೆಂಟರಿಗೆ ಕೇಳಲಿ ಅಂತ, ನಿಮ್ಮನ್ನು ಅನುಮಾನಿಸಿ ಅಲ್ಲ. ಎರಡನೆಯವರು ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿ, ರಿಜಿಸ್ಟರಿನಲ್ಲಿ ಸಹಿಯೋ ಹೆಬ್ಬೆಟ್ಟೋ ತಗೊಂಡು ಚೀಟಿ ಕೊಡುತ್ತಾರೆ. ಆ ಶಾಯಿ ಬರುವುದು ನಮ್ಮ ಮೈಸೂರಿನಿಂದ. 1962ರಿಂದ ದೇಶಕ್ಕೆಲ್ಲ ಮೈಸೂರು ಪೇಂಟ್ಸ್ ಕಾರ್ಖಾನೆಯದೇ. ಮೂರನೆಯವರು ಚೀಟಿ ಇಸ್ಕೊಂಡು ಮಿಷನ್ ಚಾಲೂ ಮಾಡುತ್ತಾರೆ.

ಮರೆಯ ಹಿಂದೆ ನೀವೊಬ್ಬರೇ. ಚಿಹ್ನೆಯ ಎದುರಿನ ನೀಲಿ ಗುಂಡಿ ಒತ್ತಿ. ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿತು ಅಂತ ತಕ್ಷಣ ತಿರುಗಿ ಬರಬೇಡಿ. ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಒಂದು ಸಣ್ಣ ಚೀಟಿ ಬರುತ್ತದೆ. ಕ್ರಮ ಸಂಖ್ಯೆ, ಹೆಸರು, ಚಿಹ್ನೆ ಇರುತ್ತದೆ. ಏಳು ಸೆಕೆಂಡ್ ನಿಂತು ತಾನೇ ಕತ್ತರಿಸಿ ಕೆಳಗೆ ಬೀಳುತ್ತದೆ. ಅದನ್ನು ಕಣ್ಣಾರೆ ನೋಡಿ. 2024ರ ಏಪ್ರಿಲ್ 26ರಂದು, ನಮ್ಮ ಎರಡೂ ಲೋಕಸಭಾ ಕ್ಷೇತ್ರಗಳಿಗೆ ಮತದಾನ ನಡೆದ ದಿನ, ದೊಡ್ಡಮ್ಮ ಒಳಗಿಂದ ಬರುವುದು ತಡವಾಯಿತು. ಆಚೆ ಬಂದು ‘ಏಳು ಎಣಿಸಿದೆ ಕಣೋ, ಸರಿಯಾಗಿ ಬಿತ್ತು’ ಅಂದರು.

ಯಾರೂ ಬೇಡ ಅನಿಸಿದರೆ ಕೊನೆಯಲ್ಲಿ ನೋಟಾ ಇದೆ, 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಬಂದದ್ದು. ಆದರೆ ನೋಟಾಕ್ಕೆ ಎಷ್ಟೇ ಬಿದ್ದರೂ ಉಳಿದವರಲ್ಲಿ ಜಾಸ್ತಿ ವೋಟು ಪಡೆದವರೇ ಗೆಲ್ಲುತ್ತಾರೆ.

ಕಣ್ಣು ಕಾಣದವರು, ಕೈಯಲ್ಲಿ ಆಗದವರು ಹದಿನೆಂಟು ತುಂಬಿದ ಒಬ್ಬರನ್ನು ಜೊತೆಗೆ ಒಳಗೆ ಕರೆದುಕೊಂಡು ಹೋಗಬಹುದು. ಒಬ್ಬರು ಆ ದಿನ ಒಬ್ಬರಿಗೆ ಮಾತ್ರ ಹೀಗೆ ಜೊತೆಯಾಗಬಹುದು. 85 ದಾಟಿದವರಿಗೆ, ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವವರಿಗೆ ಮನೆಯಲ್ಲೇ ವೋಟು ಹಾಕುವ ಅವಕಾಶ ಇದೆ. ಅದಕ್ಕೆ ಫಾರಂ 12ಡಿ, ಚುನಾವಣಾ ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು. ಮನೆಗೆ ಬಂದಾಗಲೂ ಗುಟ್ಟು ಗುಟ್ಟೇ, ಸೊಸೆ ಮೊಮ್ಮಗ ಇಣುಕುವ ಹಾಗಿಲ್ಲ.

ಏನಾದರೂ ಎಡವಟ್ಟಾದರೆ

ನಿಮ್ಮ ಹೆಸರಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿದ್ದಾರೆ ಅಂದರೆ ಅಳುತ್ತಾ ವಾಪಸ್ ಬರಬೇಡಿ. ‘ಟೆಂಡರ್ ವೋಟು ಕೊಡಿ’ ಅಂತ ಮತಗಟ್ಟೆ ಅಧಿಕಾರಿಯನ್ನು ಕೇಳಿ. ನೀವು ನೀವೇ ಅಂತ ಅವರಿಗೆ ಖಾತ್ರಿಯಾದರೆ ಕಾಗದದ ಮತಪತ್ರ ಕೊಟ್ಟು ಬೇರೆ ಕವರಿನಲ್ಲಿ ಇಡುತ್ತಾರೆ. ಮಾಮೂಲಿ ಎಣಿಕೆಯಲ್ಲಿ ಅದನ್ನು ಸೇರಿಸುವುದಿಲ್ಲ. ಆದರೆ ಅಂತರ ಕಡಿಮೆಯಿದ್ದು ಪ್ರಕರಣ ಕೋರ್ಟಿಗೆ ಹೋದರೆ ಆ ಕವರಿಗೆ ಬೆಲೆ ಬರುತ್ತದೆ.

ಒತ್ತಿದ್ದು ಒಂದು, ಚೀಟಿಯಲ್ಲಿ ಬಂದದ್ದು ಇನ್ನೊಂದು ಅನಿಸಿದರೂ ಅಲ್ಲೇ ಹೇಳಬೇಕು. ನಿಮ್ಮಿಂದ ಬರೆಸಿಕೊಂಡು ಏಜೆಂಟರ ಎದುರಿಗೆ ಪರೀಕ್ಷೆಯ ವೋಟು ಹಾಕಿಸುತ್ತಾರೆ. ದೂರು ಸುಳ್ಳು ಅಂತ ಗೊತ್ತಾದರೆ ಶಿಕ್ಷೆ ಇದೆ, ಆದ್ದರಿಂದ ಕಣ್ಣಾರೆ ನೋಡಿದ್ದರೆ ಮಾತ್ರ ಹೇಳಿ.

ಸಂಜೆ ಹೊತ್ತು ಮುಗಿಯುವಾಗ ಸಾಲಿನಲ್ಲಿ ನಿಂತಿದ್ದರೆ ಹೊರಗೆ ಕಳಿಸುವ ಹಾಗಿಲ್ಲ. ಸಾಲಿನ ಕೊನೆಯಿಂದ ಶುರುಮಾಡಿ ಎಲ್ಲರಿಗೂ ನಂಬರ್ ಚೀಟಿ ಕೊಡಬೇಕು, ಎಷ್ಟು ಹೊತ್ತಾದರೂ ಹಾಕಿಸಬೇಕು.

ದುಡ್ಡು, ಸೀರೆ, ಕುಕ್ಕರ್ ಹಂಚುವುದು ಕಂಡರೆ ಚುನಾವಣಾ ಆಯೋಗದ ಸಿ-ವಿಜಿಲ್‌ನಲ್ಲಿ ಫೋಟೋ ಹಾಕಿ. 100 ನಿಮಿಷದಲ್ಲಿ ಕ್ರಮ ಆಗಬೇಕು ಅನ್ನುವುದು ಅದರ ನಿಯಮ, ಹೆಸರು ಹೇಳದೆಯೂ ದೂರು ಕೊಡಬಹುದು. ಕೊಡುವುದು ಮಾತ್ರ ಅಲ್ಲ, ತಗೊಳ್ಳುವುದೂ ಅಪರಾಧ. ‘ದುಡ್ಡು ತಗೊಂಡಿದ್ದೀವಿ, ಹಾಕದಿದ್ದರೆ ಗೊತ್ತಾಗುತ್ತೆ’ ಅಂತ ಹೆದರುವ ಅಕ್ಕಂದಿರನ್ನು ನಾನು ನೋಡಿದ್ದೇನೆ. ನೀವು ಯಾವ ಗುಂಡಿ ಒತ್ತಿದಿರಿ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮಿಷನ್ನಿನಲ್ಲಿ ನಿಮ್ಮ ಹೆಸರೇ ಇರುವುದಿಲ್ಲ, ರಿಜಿಸ್ಟರಿನಲ್ಲಿ ನೀವು ಬಂದಿರಿ ಅನ್ನುವುದಷ್ಟೇ ಇರುತ್ತದೆ.

ಪಂಚಾಯ್ತಿ, ಪದವೀಧರ ಚುನಾವಣೆ

ಲೋಕಸಭೆ, ವಿಧಾನಸಭೆ ನಡೆಸುವುದು ಭಾರತದ ಚುನಾವಣಾ ಆಯೋಗ. ಗ್ರಾಮ ಪಂಚಾಯ್ತಿ, ತಾಲ್ಲೂಕು, ಜಿಲ್ಲಾ ಪಂಚಾಯ್ತಿ, ಪುರಸಭೆ ಇವನ್ನು ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅದು ಬೇರೆಯೇ ಸಂಸ್ಥೆ. ಗ್ರಾಮ ಪಂಚಾಯ್ತಿಗೆ ಪಕ್ಷದ ಚಿಹ್ನೆ ಇರುವುದಿಲ್ಲ, 21 ತುಂಬಿದವರು ನಿಲ್ಲಬಹುದು, ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲು.

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ್ದು ಮತ್ತೂ ಬೇರೆ. ಡಿಗ್ರಿ ಮುಗಿಸಿ ಮೂರು ವರ್ಷ ಆದವರು ಫಾರಂ 18 ಕೊಡಬೇಕು. ಆ ಪಟ್ಟಿಯನ್ನು ಪ್ರತಿ ಸಲ ಹೊಸದಾಗಿ ಮಾಡುತ್ತಾರೆ, ಹೋದ ಸಲ ಹೆಸರಿತ್ತು ಅಂತ ಸುಮ್ಮನಿದ್ದರೆ ಇರುವುದಿಲ್ಲ. ಚಿಕ್ಕಮಗಳೂರಿನವರು ನೈಋತ್ಯ ಪದವೀಧರ ಕ್ಷೇತ್ರಕ್ಕೆ ಬರುತ್ತೀರಿ.

ಪಂಚಾಯ್ತಿಯ ಪಟ್ಟಿಯನ್ನು ವಿಧಾನಸಭೆಯ ಪಟ್ಟಿಯಿಂದಲೇ ತೆಗೆದು ವಾರ್ಡುವಾರು ಹಂಚುತ್ತಾರೆ. ಹಂಚುವಾಗ ಒಂದೇ ಮನೆಯ ಇಬ್ಬರು ಬೇರೆ ಬೇರೆ ವಾರ್ಡಿಗೆ ಹೋಗಿಬಿಡುವುದು ಉಂಟು. ನಮ್ಮ ಓಣಿಯಲ್ಲೇ ಗಂಡ ಒಂದು ವಾರ್ಡು, ಹೆಂಡತಿ ಇನ್ನೊಂದು. ಕರಡು ಪಟ್ಟಿ ಪಂಚಾಯ್ತಿ ಕಚೇರಿಯಲ್ಲಿ ಹಾಕಿದಾಗಲೇ ಹೋಗಿ ನೋಡಿ, ಆಕ್ಷೇಪಣೆಗೆ ಕೊಟ್ಟ ದಿನದೊಳಗೆ ಬರೆದುಕೊಡಿ. ಕನ್ನಡಕ ಮರೆಯದೆ ತಗೊಂಡು ಹೋಗಿ, ಅಕ್ಷರ ತುಂಬಾ ಸಣ್ಣದಿರುತ್ತದೆ.